ಎಸ್‌ಕ್ಯೂಲೈಟ್ ಶೆಲ್‌ನ ಡಾಟ್ ಇಂಪೋರ್ಟ್: ಖಾಲಿ ಜಾಗದ ಕಾಟ ಬಿಟ್ಟರೆ ಅಪ್ಪಟ ಚಿನ್ನ

ಇನ್ನೂ ಆಡದ ಪಂದ್ಯದಲ್ಲಿ ಮೂರಕ್ಕಿಂತ ಹೆಚ್ಚು ಗೋಲು ಬಂದಿದೆ ಎಂದು ಡೇಟಾಬೇಸ್ ಹೇಳಿದರೆ ಕ್ವೆರಿಯನ್ನು ಬೈಯಬೇಡಿ. ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ನ ಶೆಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಫೈಲನ್ನು ಟೇಬಲ್‌ಗೆ ತರುವ ಕಮಾಂಡ್ ಡಾಟ್ ಇಂಪೋರ್ಟ್. ವೇಳಾಪಟ್ಟಿಯ ಸಿಎಸ್‌ವಿಯಲ್ಲಿ (ಅಲ್ಪವಿರಾಮದಿಂದ ಬೇರ್ಪಟ್ಟ ಪಠ್ಯದ ಫೈಲ್) ಸ್ಕೋರ್ ಜಾಗ ಖಾಲಿ ಇದ್ದರೆ ಅದು ಅಲ್ಲಿ ನಲ್ (‘ಮೌಲ್ಯವೇ ಇಲ್ಲ’ ಎಂಬ ಗುರುತು) ಇಡುವುದಿಲ್ಲ, ಖಾಲಿ ಸ್ಟ್ರಿಂಗ್ (ಅಕ್ಷರವೇ ಇಲ್ಲದ ಪಠ್ಯ) ಇಡುತ್ತದೆ. ಕಾಲಂ ಇಂಟಿಜರ್ (ಪೂರ್ಣಾಂಕ) ಆಗಿದ್ದರೂ ಅಷ್ಟೇ. ಎಸ್‌ಕ್ಯೂಲೈಟ್‌ನ ಹೋಲಿಕೆಯಲ್ಲಿ ಯಾವುದೇ ಪಠ್ಯ ಯಾವುದೇ ಅಂಕಿಗಿಂತ ದೊಡ್ಡದು. ಹಾಗಾಗಿ ಮುಂದಿನ ತಿಂಗಳ ಪಂದ್ಯಗಳೆಲ್ಲ ಗೋಲುಗಳ ಪಟ್ಟಿಯ ತುದಿಗೆ ಬಂದು ಕೂರುತ್ತವೆ. ಸರಾಸರಿಯದು ಇನ್ನೂ ಕಳ್ಳ ತಪ್ಪು. ನಲ್ ಇದ್ದರೆ ಲೆಕ್ಕಕ್ಕೇ ಬರುತ್ತಿರಲಿಲ್ಲ, ಖಾಲಿ ಸ್ಟ್ರಿಂಗ್ ಸೊನ್ನೆಯಾಗಿ ಸೇರಿಕೊಳ್ಳುತ್ತದೆ. 380 ಪಂದ್ಯಗಳಲ್ಲಿ 190 ಮುಗಿದಾಗ ನಿಜವಾದ ಸರಾಸರಿ 1.5 ಇದ್ದರೆ ತೆರೆಯ ಮೇಲೆ ಕಾಣುವುದು 0.75. ಎರರ್ ಇಲ್ಲ, ಎಚ್ಚರಿಕೆ ಇಲ್ಲ.

ನಲ್‌ವ್ಯಾಲ್ಯೂ ಎಂಬ ಕಮಾಂಡ್ ಇದೆಯಲ್ಲ ಎನ್ನುವವರಿಗೆ: ಅದು ಫಲಿತಾಂಶ ತೋರಿಸುವಾಗ ಮಾತ್ರ, ಒಳಗೆ ತರುವಾಗ ಅಲ್ಲ. ಪೋಸ್ಟ್‌ಗ್ರೆಸ್ ಎಂಬ ಸರ್ವರ್ ಡೇಟಾಬೇಸ್‌ನ ಕಾಪಿ ಕಮಾಂಡ್ ಸಿಎಸ್‌ವಿ ಮೋಡ್‌ನಲ್ಲಿ ಕೋಟ್ ಇಲ್ಲದ ಖಾಲಿ ಜಾಗವನ್ನು ತಾನಾಗಿಯೇ ನಲ್ ಮಾಡುತ್ತದೆ. ಹಾಗಿದ್ದೂ ಒಂದು ಲೀಗ್‌ನ ಪಟ್ಟಿಗಾಗಿ ಸರ್ವರ್ ಸಾಕುವುದು ಇರುವೆ ಮೇಲೆ ಬ್ರಹ್ಮಾಸ್ತ್ರ.

ಹೊಸ ಫೈಲ್ ಬಂದಾಗಲೆಲ್ಲ ಮಾಡುವ ಕ್ರಮ ಹೀಗಿದೆ. ಮೊದಲು ಕಚ್ಚಾ ಟೇಬಲ್ ಅನ್ನು (ಫೈಲ್ ನೇರವಾಗಿ ಬಂದು ಬೀಳುವ ಟೇಬಲ್) ಡ್ರಾಪ್ ಮಾಡಿ, ಅಂದರೆ ಅಳಿಸಿ. ಟೇಬಲ್ ಇಲ್ಲದಿದ್ದರೆ ಇಂಪೋರ್ಟ್ ತಾನೇ ಅದನ್ನು ಕಟ್ಟಿ, ಮೊದಲ ಸಾಲನ್ನು ಕಾಲಂ ಹೆಸರುಗಳಾಗಿ ತೆಗೆದುಕೊಳ್ಳುತ್ತದೆ. ಡ್ರಾಪ್ ಮರೆತರೆ ಹಳೆಯದರ ಕೆಳಗೆ ಹೊಸದು ಸೇರಿ, ‘ತಂಡ’, ‘ದಿನಾಂಕ’ ಎಂಬ ಶೀರ್ಷಿಕೆಯೂ ಒಂದು ಪಂದ್ಯವಾಗಿಬಿಡುತ್ತದೆ. ಟೇಬಲ್ ಉಳಿಸಿಕೊಳ್ಳಲೇಬೇಕಿದ್ದರೆ ಸ್ಕಿಪ್ 1 ಆಪ್ಷನ್ ಕೊಡಿ, 2020ರ 3.32ರಿಂದ ಇದೆ. ಕಚ್ಚಾ ಟೇಬಲ್‌ನಿಂದ ನಿಜವಾದ ಟೇಬಲ್‌ಗೆ ಇನ್ಸರ್ಟ್ ಸೆಲೆಕ್ಟ್ ಮಾಡುವಾಗ ಪ್ರತಿ ಸ್ಕೋರನ್ನೂ ಖಾಲಿ ಸ್ಟ್ರಿಂಗನ್ನು ನಲ್ ಮಾಡುವ ನಲ್‌ಇಫ್‌ನಲ್ಲಿ ಸುತ್ತಿ. ನಿಜವಾದ ಟೇಬಲ್ ಅನ್ನು ಸ್ಟ್ರಿಕ್ಟ್ ಆಗಿ ಕಟ್ಟಿದ್ದರೆ (2021ರ 3.37 ಬೇಕು) ಮರೆತ ಖಾಲಿ ಸ್ಟ್ರಿಂಗ್ ಇಂಟಿಜರ್ ಕಾಲಂನ ಬಾಗಿಲಲ್ಲೇ ನಿಲ್ಲುತ್ತದೆ.

ಇಲ್ಲಿಂದ ಮುಂದೆ ಮುನಿಸು ಇಳಿಯುತ್ತದೆ. ಮುಂದೂಡಿದ ಪಂದ್ಯಕ್ಕೆ ಆನ್ ಕಾನ್‌ಫ್ಲಿಕ್ಟ್‌ನಂಥ ಸುಖ ಬೇರೆ ಇಲ್ಲ: ಅದೇ ಕೀ (ಸಾಲನ್ನು ಗುರುತಿಸುವ ಕಾಲಂ) ಇರುವ ಸಾಲು ಮೊದಲೇ ಇದ್ದರೆ ಹೊಸದು ಸೇರಿಸದೆ ಅದನ್ನೇ ತಿದ್ದಬಹುದು. ಕೀ ಆಗಿ ಪಂದ್ಯದ ಸಂಖ್ಯೆಯನ್ನೇ ಇಡಿ. ದಿನಾಂಕ ಸೇರಿಸಿದಿರೋ, ಮಳೆಗೆ ನಿಂತ ಪಂದ್ಯ ಎರಡು ಸಾಲಾಗುತ್ತದೆ. ಸೆಲೆಕ್ಟ್ ಕೊನೆಗೆ ‘ವೇರ್ ಟ್ರೂ’ ಸೇರಿಸುವುದು ಮರೆಯಬೇಡಿ, ಇಲ್ಲದಿದ್ದರೆ ಪಾರ್ಸರ್ (ಕ್ವೆರಿ ಓದುವ ಭಾಗ) ಆ ‘ಆನ್’ ಅನ್ನು ಟೇಬಲ್‌ಗಳನ್ನು ಜೋಡಿಸುವ ಜಾಯಿನ್‌ನದೆಂದು ತಿಳಿದು ಸಿಂಟ್ಯಾಕ್ಸ್ ಎರರ್ ಕೊಡುತ್ತದೆ. ಸ್ಕೋರ್ ಅಪ್‌ಡೇಟ್‌ಗೆ ಕೋಅಲೆಸ್ ಬಳಸಿ: ಹೊಸದು ನಲ್ ಆದರೆ ಹಳೆಯದೇ ಉಳಿಯಲಿ.

ನಾಕೌಟ್ ಇರುವ ಟೂರ್ನಿಯಲ್ಲಿ ತಂಡದ ಕಾಲಂಗೂ ನಲ್ ಬಿಡಬೇಕು. 2026ರ ಫುಟ್‌ಬಾಲ್ ವಿಶ್ವಕಪ್‌ನ 104 ಪಂದ್ಯಗಳಲ್ಲಿ 32 ನಾಕೌಟ್. ಗುಂಪಿನ ಹಂತ ಮುಗಿಯುವ ತನಕ ಅಲ್ಲಿ ತಂಡಗಳ ಬದಲು ‘ಎ ಗುಂಪಿನ ವಿಜೇತ’ ಎಂಬಂಥ ಪಠ್ಯ ಇರುತ್ತದೆ. ಸಮಯವನ್ನು ಯುಟಿಸಿಯಲ್ಲೇ (ಜಾಗತಿಕ ಪ್ರಮಾಣ ಸಮಯ), ವರ್ಷ-ತಿಂಗಳು-ದಿನ ಕ್ರಮದಲ್ಲೇ ಇಡಿ. ಜೂನ್‌ನಲ್ಲಿ ಡಲ್ಲಾಸ್ ಯುಟಿಸಿಗಿಂತ 5 ಗಂಟೆ ಹಿಂದೆ, ಮೆಕ್ಸಿಕೊ ಸಿಟಿ 6 ಗಂಟೆ. ಫೈಲ್ ಎರಡಕ್ಕೂ ‘ಸೆಂಟ್ರಲ್’ ಎಂದು ಬರೆದಿದ್ದರೆ ಕಾಲಂ ನೋಡಿ ಪ್ರಯೋಜನವಿಲ್ಲ, ಮೈದಾನ ನೋಡಬೇಕು.

ಕೆಟ್ಟ ಸಾಲು ಸಿಕ್ಕರೆ ಇಂಪೋರ್ಟ್ ಗೊಣಗಿ ಮುಂದೆ ಹೋಗುತ್ತದೆ, ನಿಲ್ಲುವುದಿಲ್ಲ. ಹಾಗಾಗಿ ಕೊನೆಗೆ ಎಣಿಸಿ: 20 ತಂಡಗಳ ಲೀಗ್‌ನಲ್ಲಿ ಪ್ರತಿ ತಂಡಕ್ಕೂ 38, ಅದರಲ್ಲಿ 19 ತವರಿನಲ್ಲಿ. ಒಂದು ತಂಡಕ್ಕೆ 37, ಇನ್ನಾವುದೋ ‘ಹೊಸ’ ತಂಡಕ್ಕೆ 1 ಬಂದರೆ ಹೆಸರಿನ ಕೊನೆಯಲ್ಲಿ ಸ್ಪೇಸ್ ಉಳಿದಿದೆ. ಟ್ರಿಮ್ ಹಾಕಿ ಮತ್ತೆ ಓಡಿಸಿ.