ಫಯ್ಯೂಮ್‌ನ ರೈತರು, ದರೋಡೆಕೋರರು ಮತ್ತು ‘ಅಸ್ಯಾಸಿನ್ಸ್ ಕ್ರೀಡ್: ಒರಿಜಿನ್ಸ್’

ಯೂಬಿಸಾಫ್ಟ್ ಸಂಸ್ಥೆ 2017ರಲ್ಲಿ ಹೊರತಂದ ಈ ವಿಡಿಯೋ ಗೇಮನ್ನು ನಾನು ಪಿರಮಿಡ್ಡುಗಳಿಗಿಂತಲೂ ಹೆಚ್ಚಾಗಿ ಅದರ ಹಳ್ಳಿಗಳಿಗಾಗಿ ಮೆಚ್ಚುತ್ತೇನೆ. ಕಥೆ ನಡೆಯುವುದು ಈಜಿಪ್ಟನ್ನಾಳಿದ ಟಾಲೆಮಿ ದೊರೆಗಳ ಕೊನೆಗಾಲದಲ್ಲಿ, ಕ್ರಿ.ಪೂ. 49ರ ಸುಮಾರಿಗೆ. ಕಾಲುವೆಯಂಚಿನ ಹಸಿರು ಹೊಲಗಳು, ಮಣ್ಣಿನ ಇಟ್ಟಿಗೆಯ ಮನೆಗಳು, ನೀರೆತ್ತುವ ಏತಗಳು ಎಷ್ಟು ಶ್ರದ್ಧೆಯಿಂದ ಮೂಡಿವೆಯೆಂದರೆ ಆಟ ನಿಲ್ಲಿಸಿ ನೋಡುತ್ತಲೇ ಇರಬೇಕೆನಿಸುತ್ತದೆ.

ದರೋಡೆಕೋರರ ಪ್ರಸಂಗಗಳಲ್ಲಿ ಮಾತ್ರ ನನಗೆ ಕೊರತೆ ಕಂಡಿತು. ರೈತರು ನೆರವು ಬೇಡುತ್ತಾರೆ, ನಾಯಕ ಬಯೆಕ್ ಹೆಚ್ಚುಕಡಿಮೆ ಒಬ್ಬನೇ ಹೋಗಿ ಶಿಬಿರವನ್ನು ಬರಿದು ಮಾಡುತ್ತಾನೆ. ಕಾದಾಟ ಚುರುಕಾಗಿದೆ, ಆದರೆ ಹಳ್ಳಿಗರ ಸ್ವಂತ ಹೋರಾಟ ಮರೆಯಾಗುತ್ತದೆ. ಈಜಿಪ್ಟಿನ ಫಯ್ಯೂಮ್ ಪ್ರದೇಶದ ಕೆರ್ಕಿಯೋಸಿರಿಸ್ ಗ್ರಾಮದ ಪಪೈರಸ್ (ಜೊಂಡಿನಿಂದ ಮಾಡಿದ ಹಾಳೆ) ಕಡತಗಳಲ್ಲಿ ಆ ಹೋರಾಟ ಇಂದಿಗೂ ಉಳಿದಿದೆ. ಕತ್ತಿ ಹಿಡಿದ ಗುಂಪೊಂದು ಮನೆಗೆ ನುಗ್ಗಿ ಹೆಂಗಸರ ಉಡುಪನ್ನೂ ಹೊತ್ತೊಯ್ದಿತೆಂದು, ಕಳುವಾದ ವಸ್ತುಗಳ ಬೆಲೆಯನ್ನೂ ಬರೆದು, ಕ್ರಿ.ಪೂ. ಎರಡನೆಯ ಶತಮಾನದ ಕೊನೆಯಲ್ಲಿ ಗ್ರಾಮ ಲೆಕ್ಕಿಗ ಮೆಂಖೆಸನಿಗೆ ದೂರು ಸಲ್ಲಿಸಲಾಗಿತ್ತು. ದಾಳಿಯ ಮುಂದಾಳುಗಳು ಅದೇ ಊರಿನವರು ಎಂಬುದು ಇನ್ನೂ ಮನ ಕಲಕುವ ಸಂಗತಿ. ಇಂಥದೊಂದು ದೂರಿನ ಸುತ್ತ ಕಟ್ಟಿದ ಪ್ರಸಂಗ ಆಟದಲ್ಲಿದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

2018ರಲ್ಲಿ ಸೇರಿಸಿದ ‘ಡಿಸ್ಕವರಿ ಟೂರ್’ ವಿಭಾಗದಲ್ಲಿ ಕಾದಾಟವಿಲ್ಲ. ರೊಟ್ಟಿ, ಬಿಯರ್ ತಯಾರಿಕೆಯಂಥ ದಿನನಿತ್ಯದ ಬದುಕಿನ ವಿವರಣೆಗಳಿವೆ. ಮೂಲ ಆಟ ವಯಸ್ಕರಿಗೆ ಮಾತ್ರ ಮೀಸಲು. ಮಕ್ಕಳಿರುವ ಮನೆಗಳಿಗೆ ಈ ವಿಭಾಗವನ್ನೇ ನಾನು ಒತ್ತಾಯದಿಂದ ಶಿಫಾರಸು ಮಾಡುತ್ತೇನೆ.