ಪವರ್ ಸೀಟಿನ ಮೆಮೊರಿ ದುರಸ್ತಿ: ಜೆ.ಸಿ. ರಸ್ತೆಯ ಒಂದು ಅಂಗಡಿಯ ಬಗ್ಗೆ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿನ ಬಿಡಿಭಾಗ ಮಾರುವವರಿಗೆ ಬರವಿಲ್ಲ. ಆದರೆ ಪವರ್ ಸೀಟಿನ (ಮೋಟಾರಿನಿಂದ ಸರಿಯುವ ಸೀಟು) ಮೆಮೊರಿ, ಅಂದರೆ ಹೊಂದಿಸಿಟ್ಟ ಸ್ಥಾನವನ್ನು ನೆನಪಿಟ್ಟುಕೊಳ್ಳುವ ಸೌಲಭ್ಯ, ಕೆಟ್ಟಾಗ ಹೊಸ ಭಾಗ ಮಾರುವ ಮೊದಲು ದೋಷ ಎಲ್ಲಿದೆಯೆಂದು ಹುಡುಕುವವರು ಕಡಿಮೆ. ಅಲ್ಲಿನ ಅಡ್ಡರಸ್ತೆಯೊಂದರಲ್ಲಿರುವ ಚಿಕ್ಕ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ನಮ್ಮ ಕಾರಿನ ಸೀಟು ದುರಸ್ತಿಯಾದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಾರನ್ನು ಪತ್ನಿಯೂ ನಾನೂ ಓಡಿಸುವುದರಿಂದ, ಒಬ್ಬೊಬ್ಬರ ಸ್ಥಾನಕ್ಕೆ ಸೀಟನ್ನು ತರುವ 1 ಮತ್ತು 2ನೇ ಗುಂಡಿಗಳು ನಮಗೆ ನಿತ್ಯದ ಅಗತ್ಯ. ಬ್ಯಾಟರಿ ಬದಲಾಯಿಸಿದ ಬಳಿಕ ಎರಡೂ ಕೆಲಸ ನಿಲ್ಲಿಸಿದವು. ಪಕ್ಕದ ಸ್ವಿಚ್ಚಿನಿಂದ ಮಾತ್ರ ಸೀಟು ಸರಿಯುತ್ತಿತ್ತು. ಒಂದು ಅಧಿಕೃತ ಸರ್ವಿಸ್ ಸೆಂಟರಿನವರು ಸೀಟಿನ ಕೆಳಗೆ ಬಗ್ಗಿಯೂ ನೋಡದೆ, ಸೀಟನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಭಾಗವಾದ ಕಂಟ್ರೋಲ್ ಮಾಡ್ಯೂಲನ್ನೇ ಬದಲಾಯಿಸಬೇಕೆಂದು ಎಸ್ಟಿಮೇಟ್ ಕೊಟ್ಟು ಕಳುಹಿಸಿದ್ದರು.

ಈ ಅಂಗಡಿಯವರ ಮೊದಲ ಪ್ರಶ್ನೆಯೇ "ಇತ್ತೀಚೆಗೆ ಬ್ಯಾಟರಿ ಬಿಚ್ಚಿದ್ರಾ ಸಾರ್?" ಎಂಬುದಾಗಿತ್ತು. ಸ್ವಿಚ್ಚಿಗೆ ಸೀಟು ಸ್ಪಂದಿಸುತ್ತಿರುವುದರಿಂದ ಮೋಟಾರೂ ಮುಖ್ಯ ಫ್ಯೂಸೂ ಸರಿಯಿವೆ, ಮಾಡ್ಯೂಲಿನ ಮಾತು ಕೊನೆಗೆ ನೋಡೋಣ ಎಂದರು. ಅವರು ವಿವರಿಸಿದಂತೆ, ಇಂಥ ಅನೇಕ ಸೀಟುಗಳಲ್ಲಿ ಮೋಟಾರ್ ತಿರುಗಿದಷ್ಟನ್ನು ಹಾಲ್ ಸೆನ್ಸರ್ (ಅಯಸ್ಕಾಂತದ ಚಲನೆಯನ್ನು ಗುರುತಿಸುವ ಸೆನ್ಸರ್) ಎಣಿಸುತ್ತದೆ, ಆ ಎಣಿಕೆಯ ಆಧಾರದ ಮೇಲೆಯೇ ಮಾಡ್ಯೂಲಿಗೆ ಸೀಟು ಎಲ್ಲಿದೆಯೆಂದು ತಿಳಿಯುತ್ತದೆ. ಕರೆಂಟ್ ಪೂರ್ತಿ ತಪ್ಪಿದರೆ ಕೆಲವು ಕಾರುಗಳಲ್ಲಿ ಆ ಲೆಕ್ಕ ಅಳಿಸಿಹೋಗುತ್ತದೆ. ಆಗ ಸೀಟನ್ನು ಪ್ರತಿ ದಿಕ್ಕಿನಲ್ಲೂ ಕೊನೆಯವರೆಗೆ ಓಡಿಸಿ, ನಿಂತ ಮೇಲೂ ಸ್ವಿಚ್ಚನ್ನು ಕೆಲವು ಕ್ಷಣ ಒತ್ತಿ ಹಿಡಿದರೆ ಮಾಡ್ಯೂಲ್ ತನ್ನ ಎಲ್ಲೆಗಳನ್ನು ಮತ್ತೆ ಕಲಿಯುತ್ತದೆ.

ಹಾಗೆ ಮಾಡುವಾಗಲೇ ನಿಜವಾದ ದೋಷ ಸಿಕ್ಕಿತು. ಸೀಟು ಹಿಂದೆ ಮುಂದೆ ಸಲೀಸಾಗಿ ಹೋಯಿತು. ಒರಗುವ ಭಾಗ ಮಾತ್ರ ಸ್ವಿಚ್ಚನ್ನು ಒತ್ತಿ ಹಿಡಿದರೂ ಒಂದಿಷ್ಟು ಸರಿದು ನಿಲ್ಲುತ್ತಿತ್ತು, ಬಿಟ್ಟು ಒತ್ತಿದರೆ ಮತ್ತೊಂದಿಷ್ಟು ಸರಿಯುತ್ತಿತ್ತು. ಸೆನ್ಸರಿನಿಂದ ಎಣಿಕೆ ಬರದಿದ್ದಾಗ ಮೋಟಾರ್ ಎಲ್ಲೋ ಸಿಕ್ಕಿಕೊಂಡಿದೆಯೆಂದು ತಿಳಿದು ಮಾಡ್ಯೂಲ್ ಕರೆಂಟ್ ಕಡಿಯುವ ಲಕ್ಷಣವಿದು ಎಂದ ಅವರು, ಟಾರ್ಚ್ ಹಿಡಿದು ಕೆಳಗೆ ನೋಡಿದಾಗ, ಕಾರ್ಪೆಟ್ಟಿಗೆ ಇಳಿದಿದ್ದ ನೀರಿನಿಂದ ಕನೆಕ್ಟರಿನ ಒಂದು ಪಿನ್ನಿಗೆ ಹಸಿರು ಕಿಲುಬು ಹಿಡಿದಿತ್ತು. ಏರ್‌ಬ್ಯಾಗಿನ ಹಳದಿ ಕನೆಕ್ಟರ್ ಪಕ್ಕದಲ್ಲೇ ಇದ್ದುದರಿಂದ, ಅದು ಆಕಸ್ಮಿಕವಾಗಿ ಸಿಡಿಯದಿರಲೆಂದು ಬ್ಯಾಟರಿಯ ನೆಗೆಟಿವ್ ಬಿಚ್ಚಿ ಕೆಲವು ನಿಮಿಷ ಕಾದು, ಆ ಕನೆಕ್ಟರನ್ನು ಮುಟ್ಟದೆ ಕೆಲಸ ಮಾಡಿದ್ದು ನನಗೆ ಬಹಳ ಹಿಡಿಸಿತು. ಯೂಟ್ಯೂಬ್ ನೋಡಿ ಸೀಟು ಬಿಚ್ಚುವವರು ಗಮನಿಸಬೇಕಾದದ್ದು ಇದನ್ನೇ. ಪಿನ್ನನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು, ಬ್ಯಾಟರಿ ಜೋಡಿಸಿ, ಎಲ್ಲೆ ಕಲಿಸುವ ಕೆಲಸವನ್ನು ಮೊದಲಿನಿಂದ ಮಾಡಿದರು. ಆಮೇಲೆ ಸೆಟ್ ಗುಂಡಿ, ಅದರ ಬೆನ್ನಿಗೇ 1 ಒತ್ತಿದಾಗ, ಸ್ಥಾನ ದಾಖಲಾಯಿತೆಂಬ ಬೀಪ್ ಶಬ್ದ ಬಂತು.

ಕೆಟ್ಟಿಲ್ಲದ ಸೀಟಿಗೆ ದುಡ್ಡು ತೆಗೆದುಕೊಳ್ಳುವವರೂ ಇವರಲ್ಲ. ನಮ್ಮ ಮುಂದೆಯೇ ಬಂದ ಒಬ್ಬರ ದೂರು, ಕಾರು ಆಫ್ ಮಾಡಿದೊಡನೆ ಸೀಟು ತಾನಾಗಿ ಹಿಂದೆ ಹೋಗುತ್ತದೆಂಬುದು. ಅದು ಇಳಿಯಲು ಅನುಕೂಲವಾಗಲೆಂದು ಕೊಟ್ಟ ಸೌಲಭ್ಯ ಎಂದು ಹೇಳಿ, ಮೆನುವಿನಲ್ಲಿ ಆಫ್ ಮಾಡಿ ಕಳುಹಿಸಿದರು.

ಕೊರತೆಗಳೂ ಇವೆ. ಗ್ರೀಸ್ ಮೆತ್ತಿದ ಬಟ್ಟೆಯಲ್ಲೇ ಸೀಟಿನ ಮೇಲೆ ಕುಳಿತರು. ತಿಳಿ ಬಣ್ಣದ ಲೆದರ್ ಇರುವವರು ಮೊದಲೇ ಒಂದು ಹೊದಿಕೆ ಹಾಸಿಕೊಳ್ಳುವುದು ಒಳಿತು. ಬಿಲ್ಲನ್ನು ಕೇಳಿದ ಮೇಲೆ ಕೈಬರಹದಲ್ಲಿ ಕೊಟ್ಟರು, ಅದರಲ್ಲಿ ಏನು ದುರಸ್ತಿಯಾಯಿತೆಂಬ ವಿವರವಿಲ್ಲ. ಕಂಪನಿಯ ಸ್ಕ್ಯಾನರಿನಿಂದಲೇ ಎಲ್ಲೆ ಕಲಿಸಬೇಕಾದ ದುಬಾರಿ ಕಾರುಗಳನ್ನು ಅವರು ಒಪ್ಪಿಕೊಳ್ಳುವುದಿಲ್ಲ. ವಾರಂಟಿ ಇನ್ನೂ ಇರುವ ಕಾರಾದರೆ ಹೊರಗೆ ಸೀಟಿನ ವೈರಿಂಗ್ ಮುಟ್ಟಿಸದಿರುವುದೇ ಲೇಸು. ಉಳಿದವರು ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ಹೋಗಲಿ; ಆಮೇಲೆ ಆ ಅಡ್ಡರಸ್ತೆಯಲ್ಲಿ ಕಾರಿನ ಬಾಗಿಲು ತೆರೆಯಲೂ ಜಾಗವಿರುವುದಿಲ್ಲ.