ಪಿಎಚ್‌ಡಿಗೆ ಅರ್ಜಿ ಹಾಕುವವರಿಗೆ ಗಣಿತಜ್ಞರ ವಂಶಾವಳಿ: ಐದಕ್ಕೆ ನಾಲ್ಕು ಸ್ಟಾರ್

ಮ್ಯಾಥಮ್ಯಾಟಿಕ್ಸ್ ಜೆನಿಯಾಲಜಿ ಪ್ರಾಜೆಕ್ಟ್ ಎಂಬ ಸೈಟಿಗೆ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಉಳಿದ ಒಂದು ಯಾಕೆ ಹೋಯಿತು ಅನ್ನುವುದು ಮುಂದಿದೆ, ಅದನ್ನು ಮಾತ್ರ ಓದದೆ ಬಿಡಬೇಡಿ.

ಇದು ಗಣಿತದವರ ವಂಶವೃಕ್ಷ. ಅಪ್ಪ-ಅಮ್ಮನ ಜಾಗದಲ್ಲಿ ಗೈಡು, ಮಕ್ಕಳ ಜಾಗದಲ್ಲಿ ಶಿಷ್ಯರು. ಅಮೆರಿಕದ ನಾರ್ತ್ ಡಕೋಟಾ ಸ್ಟೇಟ್ ಯೂನಿವರ್ಸಿಟಿಯ ಗಣಿತ ವಿಭಾಗ ನಡೆಸುತ್ತದೆ, ನೋಡಲು ದುಡ್ಡಿಲ್ಲ. ಗಣಿತಜ್ಞ ಎಸ್. ಆರ್. ಎಸ್. ವರದನ್ ಅವರ ಹೆಸರು ಹಾಕಿ ನೋಡಿ, ಪಿಎಚ್‌ಡಿಯ ವಿವರ ಬರುತ್ತದೆ: ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್, 1963, ಪ್ರಬಂಧದ ಶೀರ್ಷಿಕೆ, ಗೈಡ್ ಸಿ. ಆರ್. ರಾವ್. ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಆ ರಾವ್ ಅವರ ಹೆಸರು ಒತ್ತಿದರೆ ಕೇಂಬ್ರಿಡ್ಜ್, 1948, ಗೈಡ್ ರೊನಾಲ್ಡ್ ಫಿಶರ್. ಹೀಗೇ ಹತ್ತುತ್ತಾ ಹೋಗಿ ಆಯ್ಲರ್, ಲೈಬ್ನಿಟ್ಸ್‌ವರೆಗೆ ಗೋತ್ರ ಹುಡುಕುವವರು ಬಹಳ. ಮಜಾ ಇದೆ, ಆದರೆ ಒಂದು ಸಂಜೆ ಪೂರ್ತಿ ಹೋಗುತ್ತದೆ.

ನಾನು ಕಾಲೇಜಿನಲ್ಲಿ ಗಣಿತ ಪಾಠ ಮಾಡುವವಳು. "ಮೇಡಂ, ಎಲ್ಲೆಲ್ಲಿ ಅಪ್ಲೈ ಮಾಡ್ಲಿ?" ಅಂತ ರ‍್ಯಾಂಕಿಂಗ್ ಪಟ್ಟಿ ಹಿಡಿದುಕೊಂಡು ಬರುವ ಎಂಎಸ್ಸಿ ಮಕ್ಕಳಿಗೆ ನಾನು ತೆರೆದು ತೋರಿಸುವುದು ಈ ಸೈಟಿನ ಅಡ್ವಾನ್ಸ್ಡ್ ಸರ್ಚ್. ಅಲ್ಲಿ ಸಂಸ್ಥೆ, ವರ್ಷ, ವಿಷಯದ ಸಂಖ್ಯೆ (ಗಣಿತದ ಒಂದೊಂದು ಶಾಖೆಗೂ ಗೊತ್ತುಮಾಡಿದ ಸಂಖ್ಯೆ) ಕೊಟ್ಟು ಸೋಸಬಹುದು. ಸಂಖ್ಯಾಸಿದ್ಧಾಂತಕ್ಕೆ 11, ಬೀಜೀಯ ಜ್ಯಾಮಿತಿಗೆ 14, ಆಂಶಿಕ ಅವಕಲ ಸಮೀಕರಣಕ್ಕೆ 35, ಸಂಭಾವ್ಯತೆಗೆ 60. ದೊಡ್ಡ ಹೆಸರಿನ ಸಂಸ್ಥೆಯಲ್ಲಿ ನಿಮ್ಮ ವಿಷಯದಲ್ಲಿ ಹತ್ತು ವರ್ಷದಿಂದ ಒಬ್ಬರೂ ಪಿಎಚ್‌ಡಿ ಮುಗಿಸಿದಂತೆ ಕಾಣದಿದ್ದರೆ, ಯಾಕೆ ಅಂತ ಕೇಳಲೇಬೇಕು. ರ‍್ಯಾಂಕಿಂಗ್ ಇದನ್ನು ಹೇಳುವುದಿಲ್ಲ.

ಭಾರತದ ಸಂಸ್ಥೆಗಳನ್ನು ಹುಡುಕುವಾಗ ಒಂದು ತೊಡಕಿದೆ. ಪಟ್ಟಿಯಲ್ಲಿರುವುದು ಪದವಿ ಕೊಟ್ಟ ವಿಶ್ವವಿದ್ಯಾಲಯದ ಹೆಸರು, ಕೂತು ಕೆಲಸ ಮಾಡಿದ ಜಾಗದ್ದಲ್ಲ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್) ತಾನೇ ಪದವಿ ಕೊಡಬಲ್ಲ ಡೀಮ್ಡ್ ವಿಶ್ವವಿದ್ಯಾಲಯ ಆದದ್ದು 2002ರಲ್ಲಿ. ಹಾಗಾಗಿ ಎಂ. ಎಸ್. ನರಸಿಂಹನ್, ಸಿ. ಎಸ್. ಶೇಷಾದ್ರಿ ಅವರಂಥ ಅಲ್ಲಿಯ ಹಳಬರೆಲ್ಲ ಬಾಂಬೆ ವಿಶ್ವವಿದ್ಯಾಲಯದ ಖಾತೆಯವರು. ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆ (ಐಎಂಎಸ್‌ಸಿ), ಪ್ರಯಾಗರಾಜದ ಹರೀಶ್‌ಚಂದ್ರ ಸಂಸ್ಥೆಗಳಿಗೆ ಈಗ ಪದವಿ ಬರುವುದು ಹೋಮಿ ಭಾಭಾ ನ್ಯಾಷನಲ್ ಇನ್‌ಸ್ಟಿಟ್ಯೂಟಿನಿಂದ. ಯಲಹಂಕದ ಟಿಐಎಫ್‌ಆರ್ ಕೇಂದ್ರ ಅವಕಲ ಸಮೀಕರಣಗಳ ಕೆಲಸಕ್ಕೆ ಹೆಸರುವಾಸಿ, ಆದರೆ ಅಲ್ಲಿ ಓದಿದವರ ಪದವಿ ಟಿಐಎಫ್‌ಆರ್‌ನದೇ. ಆದ್ದರಿಂದ ಸಂಸ್ಥೆಯ ಜಾಲತಾಣದಿಂದ ಅಧ್ಯಾಪಕರ ಹೆಸರು ಎತ್ತಿಕೊಂಡು, ಒಬ್ಬೊಬ್ಬರದೇ ಪುಟ ತೆರೆಯುವುದು ವಾಸಿ.

ಪುಟ ತೆರೆದ ಮೇಲೆ ಮೊದಲು ಗೈಡಿನ ಪಿಎಚ್‌ಡಿ ವರ್ಷ ನೋಡಿ. 1980ರ ದಶಕದ್ದಾದರೆ ಅವರು ನಿವೃತ್ತಿಯಾಗಿರಬಹುದು ಇಲ್ಲವೇ ಹೊಸಿಲಲ್ಲಿರಬಹುದು, ಹೊಸ ಶಿಷ್ಯರನ್ನು ತೆಗೆದುಕೊಳ್ಳುವುದು ಕಷ್ಟ. ಶಿಷ್ಯರೇ ಇಲ್ಲ ಅಂತ ಬರೆದಿದ್ದರೆ ಗಾಬರಿ ಬೇಡ. ಅವರು ಈಚೆಗೆ ಕೆಲಸಕ್ಕೆ ಸೇರಿದವರಿರಬಹುದು. ಅಂಥವರ ಜೊತೆ ಕೆಲಸ ಮಾಡಿದವರಿಗೆ ಗೈಡಿನ ಸಮಯ ಚೆನ್ನಾಗಿ ಸಿಕ್ಕಿದ್ದನ್ನು ನಾನೇ ಕಂಡಿದ್ದೇನೆ.

ಇನ್ನು ಆ ಕಳೆದ ಸ್ಟಾರ್. ಇಲ್ಲಿರುವುದು ಮುಗಿಸಿದವರ ಹೆಸರು ಮಾತ್ರ. ಅರ್ಧಕ್ಕೆ ಬಿಟ್ಟು ಹೋದವರು ಎಲ್ಲೂ ಇಲ್ಲ. ಮುಗಿಸಿದ ವರ್ಷ ಇದೆ, ಸೇರಿದ ವರ್ಷ ಇಲ್ಲ, ಹಾಗಾಗಿ ನಾಲ್ಕರಲ್ಲಿ ಮುಗಿಯಿತೋ ಎಂಟು ವರ್ಷ ಎಳೆಯಿತೋ ತಿಳಿಯದು. ಹದಿನೈದು ಶಿಷ್ಯರ ಉದ್ದನೆಯ ಪಟ್ಟಿ ನೋಡಿ ಮರುಳಾಗುವುದು ಸುಲಭ, ಅದರ ಹಿಂದೆ ಎಷ್ಟು ಜನ ಅತ್ತುಕೊಂಡು ಹೋದರೋ ಯಾರಿಗೆ ಗೊತ್ತು. ಮೇಲಾಗಿ ಮಾಹಿತಿ ಬಹುಪಾಲು ಜನ ಕಳಿಸಿದ್ದು, ನಮ್ಮ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಓದಿದ ನನ್ನ ಗೆಳತಿಯರಲ್ಲಿ ಅರ್ಧದಷ್ಟು ಮಂದಿ ಅದರಲ್ಲಿಲ್ಲ. ಅದಕ್ಕೇ ಪಟ್ಟಿಯಲ್ಲಿ ತೀರಾ ಈಚೆಗೆ ಮುಗಿಸಿದ ಇಬ್ಬರು ಮೂವರು ಶಿಷ್ಯರ ಹೆಸರನ್ನು ಸಂಶೋಧನಾ ಲೇಖನಗಳನ್ನು ಪುಕ್ಕಟೆ ಓದಲು ಸಿಗುವ ಆರ್‌ಕೈವ್ (arXiv) ಜಾಲತಾಣದಲ್ಲಿ ಹುಡುಕಿ, ಪಿಎಚ್‌ಡಿ ಆದ ಮೇಲೂ ಬರೆಯುತ್ತಿದ್ದಾರಾ ನೋಡಿ. ಆಮೇಲೆ ಈಗ ಅಲ್ಲಿ ಓದುತ್ತಿರುವ ಒಬ್ಬರಿಗೆ ಮೇಲ್ ಹಾಕಿ. ಹಾಸ್ಟೆಲು, ಸ್ಟೈಪೆಂಡ್ ತಡವಾಗುವುದು, ಗೈಡಿನ ಸಿಟ್ಟು ಎಲ್ಲ ಅಲ್ಲೇ ತಿಳಿಯುವುದು.

ಅಮೆರಿಕಕ್ಕೆ ಹಾಕುವವರು ಈ ಸೈಟನ್ನು ಬೇರೆ ರೀತಿ ಬಳಸಬೇಕು. ಅಲ್ಲಿ ಸಾಮಾನ್ಯವಾಗಿ ಸೀಟು ಕೊಡುವುದು ವಿಭಾಗ, ಗೈಡು ಸಿಗುವುದು ಸೇರಿದ ಮೇಲೆ ಪಾಸಾಗಬೇಕಾದ ಕ್ವಾಲಿಫೈಯಿಂಗ್ ಪರೀಕ್ಷೆಯ ಆಸುಪಾಸಿನಲ್ಲಿ. ಒಬ್ಬರ ಮೇಲೆ ಕಣ್ಣಿಟ್ಟು ಹೋಗಿ, ಅವರು ಬೇರೆ ಕಡೆ ಹೊರಟು ಹೋದರೆ ಪಾಡು ಕೇಳಬೇಡಿ. ನಿಮ್ಮ ವಿಷಯದಲ್ಲಿ ಶಿಷ್ಯರನ್ನು ದಾಟಿಸಿದ ಮೂವರಾದರೂ ಇರುವ ವಿಭಾಗಕ್ಕೆ ಮಾತ್ರ ಅರ್ಜಿ ಶುಲ್ಕ ಕಟ್ಟಿ, ಡಾಲರ್ ಲೆಕ್ಕದಲ್ಲಿ ಅದೇನು ಕಡಿಮೆಯಲ್ಲ. ಯುರೋಪಿನ ಬಹಳ ಕಡೆ ಉಲ್ಟಾ, ನೇರ ಗೈಡಿನ ಕೈಯಡಿಯ ಹುದ್ದೆಗೇ ಅರ್ಜಿ.

ಟಿಐಎಫ್‌ಆರ್ ಪ್ರವೇಶ ಪರೀಕ್ಷೆಯೂ ಅಮೆರಿಕದ ಹೆಚ್ಚಿನ ಗಡುವುಗಳೂ ಡಿಸೆಂಬರ್ ಸುತ್ತಮುತ್ತ ಬೀಳುತ್ತವೆ. ದಸರಾ ರಜೆಯಲ್ಲೇ ಪಟ್ಟಿ ಮುಗಿಸಿಕೊಳ್ಳಿ. ಶಿಫಾರಸು ಪತ್ರ ಬರೆಯುವವರಿಗೂ ಟೈಮ್ ಬೇಕು, ನನಗಂತೂ ಬೇಕೇ ಬೇಕು.